ಭೂಮಿಗೂ ಶುಕ್ರನಿಗೂ ನಡುವೆ ಮೂರೂಕಾಲು ಮಿಲಿಮೀಟರು

ಬೆಳಗಿನ ಐದು ಗಂಟೆ. ಬೀದಿಗೆ ಹಾಲಿನವನ ಸೈಕಲ್ಲೂ ಇನ್ನೂ ಬಂದಿಲ್ಲ. ತಗಡಿನ ಮಾಡಿನ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಶುಕ್ರಗ್ರಹ ಗಿರಗಿರನೆ ತಿರುಗುತ್ತಿದೆ. ಆಕಾಶದಲ್ಲಿರುವ ಶುಕ್ರ ತನ್ನ ಸುತ್ತ ಒಮ್ಮೆ ತಿರುಗಲು ಇನ್ನೂರ ನಲವತ್ತಮೂರು ದಿನ ತೆಗೆದುಕೊಳ್ಳುತ್ತದಂತೆ. ಗುಂಡಕ್ಕನ ಮರ ಕಡೆಯುವ ಲೇತಿನ ಮೇಲಿರುವ ಶುಕ್ರನಿಗೆ ಅಷ್ಟೊಂದು ಪುರುಸೊತ್ತಿಲ್ಲ, ನಿಮಿಷಕ್ಕೆ ಸಾವಿರ ಸುತ್ತು.

ಉಳಿಯ ಬಾಯಿಂದ ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು ಅವರ ಮೊಣಕೈ ಮೇಲೆ ಬೀಳುತ್ತದೆ. ಗುಂಡಕ್ಕ ಮರವನ್ನು ನೋಡುತ್ತಿಲ್ಲ. ಕತ್ತನ್ನು ಒಂದು ಕಡೆ ವಾಲಿಸಿ, ಗೋಡೆಯ ಆಚೆ ಯಾರೋ ಮಾತಾಡುತ್ತಿದ್ದಾರೇನೋ ಎಂಬ ಹಾಗೆ ಕಿವಿಗೊಟ್ಟು ನಿಂತಿದ್ದಾರೆ. ಗೋಲ ಸರಿಯಾಗಿದ್ದರೆ ಉಳಿಯ ಸದ್ದು ಒಂದೇ ಸಮನೆ ಬರುತ್ತದೆ. ಎಲ್ಲಾದರೂ ಉಬ್ಬಿದ್ದರೆ ಟಿಕ್ ಟಿಕ್ ಎನ್ನುತ್ತದೆ. ಏಳು ಗಂಟೆಗೆ ಪಕ್ಕದ ವೆಲ್ಡಿಂಗ್ ಅಂಗಡಿ ಬಾಗಿಲು ತೆಗೆದರೆ ಈ ಟಿಕ್ ಟಿಕ್ ಕೇಳಿಸುವುದಿಲ್ಲ. ಅದಕ್ಕೇ ಕಡೆಯ ಹದದ ಕೆಲಸವೆಲ್ಲ ಏಳರೊಳಗೆ ಮುಗಿಯಬೇಕು.

"ಕಣ್ಣು ಮೋಸ ಮಾಡತ್ತೆ. ಕಿವಿ ಅಷ್ಟು ಬೇಗ ಮೋಸ ಮಾಡಲ್ಲ" ಎನ್ನುತ್ತಾ ಲೇತ್ ನಿಲ್ಲಿಸುತ್ತಾರೆ. ಗೋಲವನ್ನು ಬಿಡಿಸಿಕೊಂಡು ಗೋಡೆಗೆ ತೂಗುಹಾಕಿದ ಒಂದು ತಗಡಿನತ್ತ ಹೋಗುತ್ತಾರೆ. ತಗಡಿನಲ್ಲಿ ನಾಲ್ಕು ದುಂಡನೆಯ ಕಂಡಿಗಳಿವೆ. ಅರವತ್ತೂವರೆ ಮಿಲಿಮೀಟರಿನ ಕಂಡಿಗೆ ಗೋಲವನ್ನು ಹಿಡಿಯುತ್ತಾರೆ. ಅದು ತಗಡನ್ನು ಸವರಿಕೊಂಡು ಆಚೆ ಹೋಗಿ ಅಂಗೈಗೆ ಬೀಳುತ್ತದೆ. ಹೊರಳಿಸಿ ಇನ್ನೊಂದು ಮೈಯಿಂದ ನೋಡುತ್ತಾರೆ, ಮತ್ತೊಂದು ಮೈಯಿಂದ ನೋಡುತ್ತಾರೆ. ತೂರಬೇಕು, ಆದರೆ ಸುತ್ತ ಜಾಗ ಉಳಿಯಬಾರದು. ಇದು ನಲವತ್ತೆರಡನೆಯ ಶುಕ್ರ, ಈ ಸಲದ ಕೊನೆಯದು. ಇವತ್ತು ಹತ್ತು ಗಂಟೆಗೆ ಇವನ್ನು ಪರೀಕ್ಷಿಸಲು ಅಂಧ ಮಕ್ಕಳ ಶಾಲೆಯ ಮೇಷ್ಟ್ರು ಬರುತ್ತಾರೆ. ಬಂದವರು 'ಹೂಂ' ಎಂದರೆ ನಾಲ್ಕು ನಾಲ್ಕು ಗ್ರಹಗಳ ಈ ನಲವತ್ತೆರಡು ಪೆಟ್ಟಿಗೆ ಅಂಥ ಶಾಲೆಗಳಿಗೆ ಹೋಗುತ್ತವೆ. 'ಊಹೂಂ' ಎಂದರೆ ಅವುಗಳ ಜಾಗಕ್ಕೆ ಕಾರ್ಖಾನೆಯ ಪ್ಲಾಸ್ಟಿಕ್ ಗ್ರಹಗಳು ಹೋಗುತ್ತವೆ. ಆ ಕಾರ್ಖಾನೆಯವರದು ಒಂದೇ ಅಚ್ಚು, ನಾಲ್ಕು ಬಣ್ಣ. ಅವರ ಪ್ರಕಾರ ಬುಧನೂ ಭೂಮಿಯೂ ಒಂದೇ ಗಾತ್ರ.

"ಬಣ್ಣ ಕಾಣದ ಮಕ್ಕಳಿಗೆ ನಾಲ್ಕು ಒಂದೇ ಥರದ ಚೆಂಡು ಕೊಟ್ಟು ಇದು ಸೌರಮಂಡಲ ಅಂದ್ರೆ ಹೆಂಗೆ ರೀ?" ಎಂದು ಗುಂಡಕ್ಕ ರೇಗುತ್ತಾರೆ. ರೇಗಿದಾಗ ಅವರ ಮೂಗಿನ ತುದಿಯಲ್ಲಿ ಅಂಟಿಕೊಂಡ ಮರದ ಹೊಟ್ಟು ಅಲುಗುತ್ತದೆ.

ಗುಂಡಕ್ಕ ಎಂಬ ಹೆಸರು ಕೇಳಿ ಯಾರೋ ದಪ್ಪನೆಯ ಹೆಂಗಸನ್ನು ಊಹಿಸಿಕೊಂಡು ಬಂದವರು ಬಾಗಿಲಲ್ಲೇ ಬೇಸ್ತು ಬೀಳುತ್ತಾರೆ. ಐವತ್ತಾರು ವರ್ಷದ ಈ ಹೆಂಗಸು ಕಡ್ಡಿ ಪೈಲ್ವಾನರು. ಮರದ ಗುಂಡು ಕಡೆಯುವುದರಿಂದ ಬಂದ ಹೆಸರು ಅದು. ಇಟ್ಟವರು ಪಕ್ಕದ ವೆಲ್ಡಿಂಗ್ ಅಂಗಡಿಯವರು, ಒಪ್ಪಿಕೊಂಡವರು ಇಡೀ ಬೀದಿಯವರು. ಮನೆಗೆ ಬರುವ ಕಾಗದಗಳ ಮೇಲೂ ಈಗ ಅದೇ ಹೆಸರಿದೆ.

ಅವರ ಅಪ್ಪ ಇದೇ ಕೋಣೆಯಲ್ಲಿ ಮೆಟ್ಟಿಲಿನ ಕಂಬಿ, ಕುರ್ಚಿಯ ಕಾಲು, ಸುತ್ತಿಗೆಯ ಹಿಡಿ ಕಡೆಯುತ್ತಿದ್ದರು. ಹೊಟ್ಟು ಗುಡಿಸಲು ಬರುತ್ತಿದ್ದ ಮಗಳು ಹನ್ನೆರಡನೆಯ ವಯಸ್ಸಿಗೆ ಉಳಿ ಹಿಡಿದಳು. ಹೆಣ್ಣುಮಗಳಿಗೆ ಯಾಕೆ ಈ ಕೆಲಸ ಎಂದು ಗಿರಾಕಿಯೊಬ್ಬರು ಕೇಳಿದಾಗ ಅಪ್ಪ ತಲೆ ಎತ್ತದೆ, "ಕೈ ನಡುಗಲ್ಲ, ಅದಕ್ಕೆ" ಎಂದಿದ್ದರಂತೆ. ಅಪ್ಪನ ಬಾಯಿಂದ ಬಂದ ಒಂದೇ ಹೊಗಳಿಕೆ ಅದು. ಗುಂಡಕ್ಕ ಅದನ್ನು ಇವತ್ತಿಗೂ ಪದ ಬಿಡದೆ ಹೇಳುತ್ತಾರೆ. ಆ ಕಲಿಕೆಗೆ ಅವರು ತೆತ್ತದ್ದು ಎಡಗೈ ಹೆಬ್ಬೆರಳಿನ ಉಗುರು. ಅದು ಮತ್ತೆ ನೆಟ್ಟಗೆ ಬೆಳೆಯಲೇ ಇಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಹೈಸ್ಕೂಲಿನ ವಿಜ್ಞಾನದ ಟೀಚರೊಬ್ಬರು ಒಂದು ಚೀಟಿ ಹಿಡಿದು ಬಂದರು. ಸೂರ್ಯನಿಗೆ ಹತ್ತಿರದ ನಾಲ್ಕು ಕಲ್ಲಿನ ಗ್ರಹಗಳು ಮರದಲ್ಲಿ ಬೇಕು, ಒಂದಕ್ಕೊಂದು ತಕ್ಕ ಪ್ರಮಾಣದಲ್ಲಿ ಇರಬೇಕು ಎಂದರು. ಮೂರು ಅಂಗಡಿಯವರು ಚೆಂಡು ಚೆಂಡೇ ಅಲ್ಲವೇ ಎಂದು ಅವರನ್ನು ಸಾಗಹಾಕಿದ್ದರು. ಗುಂಡಕ್ಕ ಚೀಟಿ ಇಸಿದುಕೊಂಡು ಲೆಕ್ಕ ಹಾಕಿದರು. ಇನ್ನೂರು ಕಿಲೋಮೀಟರಿಗೆ ಒಂದು ಮಿಲಿಮೀಟರು. ಹಾಗೆ ಇಳಿಸಿದರೆ ಭೂಮಿಯ ಅಡ್ಡಳತೆ ಅರವತ್ತಮೂರು ಮುಕ್ಕಾಲು ಮಿಲಿಮೀಟರು, ಶುಕ್ರನದು ಅರವತ್ತೂವರೆ. ಮಂಗಳ ಮೂವತ್ತನಾಲ್ಕಕ್ಕೆ ನಿಲ್ಲುತ್ತಾನೆ. ಬುಧ ಇಪ್ಪತ್ತನಾಲ್ಕೂವರೆಗೆ ಕೂದಲೆಳೆಯಷ್ಟು ಕಡಿಮೆ.

"ಮಂಗಳನ ಬಗ್ಗೆ ಪೇಪರಲ್ಲಿ ದಿನಾ ಬರತ್ತಲ್ಲ, ಜನ ಅವನು ಭೂಮಿಯಷ್ಟೇ ದೊಡ್ಡೋನು ಅನ್ಕೊಂಡಿರ್ತಾರೆ. ಕೈಗೆ ಕೊಟ್ರೆ ಇಷ್ಟೇನಾ ಅಂತಾರೆ" ಎಂದು ನಗುತ್ತಾರೆ. ಒಂದು ಭೂಮಿಯ ಮರವನ್ನು ಪುಡಿ ಮಾಡಿ ಮತ್ತೆ ಉಂಡೆ ಕಟ್ಟಿದರೆ ಆರೂವರೆ ಮಂಗಳ ಆಗುತ್ತದೆ, ಹದಿನೆಂಟು ಬುಧ ಆಗುತ್ತದೆ. ಈ ಲೆಕ್ಕವೆಲ್ಲ ಅವರಿಗೆ ಬಾಯಿಪಾಠ. ಗುರುಗ್ರಹ ಮಾಡಿಕೊಡಿ ಎಂದು ಕೇಳಿಕೊಂಡು ಬಂದವರೂ ಇದ್ದಾರೆ. ಇದೇ ಅಳತೆಯಲ್ಲಿ ಅದು ಎಪ್ಪತ್ತು ಸೆಂಟಿಮೀಟರು, ಲೇತಿಗೇ ಹತ್ತುವುದಿಲ್ಲ. "ನನ್ನ ಸಂಸಾರ ನಾಲ್ಕೇ ಜನರದ್ದು" ಎಂದು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸುತ್ತಾರೆ.

ಗ್ರಹದ ಕೆಲಸವಿದ್ದ ದಿನ ಸರಾಸರಿ ಹನ್ನೆರಡು ಗೋಲ. ಒರಟಾಗಿ ಕಡೆದದ್ದನ್ನು ಮೂರು ತಿಂಗಳು ಹಲಗೆಯ ಮೇಲೆ ಒಣಗಲು ಬಿಡಬೇಕು. ಅದಕ್ಕೇ ಒಣಗಿದ ಒರಟು ಗೋಲಗಳ ದಾಸ್ತಾನು ಅಲ್ಲಿ ಸದಾ ಇರುತ್ತದೆ. ಮರ ಒಣಗುತ್ತಾ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕುಗ್ಗುತ್ತದೆ. ಹಸಿಯಲ್ಲೇ ಅಳತೆಗೆ ತಂದರೆ ತಿಂಗಳೊಳಗೆ ಭೂಮಿ ಮೊಟ್ಟೆಯಾಗುತ್ತದೆ. ಒಣಗಿದ ಮೇಲೆ ಎರಡನೆಯ ಕಡೆತ, ಆಮೇಲೆ ಮೂರು ಬಗೆಯ ಸ್ಯಾಂಡ್‌ಪೇಪರು. ದೊಡ್ಡವು ಸಲೀಸು, ಕಾಟ ಕೊಡುವವನು ಬುಧ. ಹಿಡಿಯಲು ಮೈಯೇ ಇಲ್ಲದ ಅವನು ತಿರುಗುತ್ತಿರುವಾಗಲೇ ಚಂಗನೆ ಹಾರಿ ಮೂಲೆ ಸೇರುತ್ತಾನೆ. ಹಾಗೆ ಹಾರಿದ ಬುಧನೊಬ್ಬ ಎರಡು ವರ್ಷದ ಹಿಂದೆ ಗುಂಡಕ್ಕನ ಕನ್ನಡಕ ಒಡೆದಿದ್ದಾನೆ. ಇಲ್ಲಿಯವರೆಗೆ ಈ ಕೋಣೆಯಿಂದ ಸುಮಾರು ಎರಡು ಸಾವಿರದ ಮುನ್ನೂರು ಪೆಟ್ಟಿಗೆಗಳು ಶಾಲೆಗಳಿಗೆ ಹೋಗಿವೆ. ಯಾವ ಪೆಟ್ಟಿಗೆಯ ಮೇಲೂ ಅವರ ಹೆಸರಿಲ್ಲ.

ಗುಂಡಕ್ಕನದು ಕಡೆತ, ಗಂಡನದು ಬಣ್ಣ. ಒಂದು ಕಾಲಕ್ಕೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಅವರು ಒಳಗಿನ ಕೋಣೆಯಲ್ಲಿ ಕೂತು ಭೂಮಿಗೆ ಖಂಡಗಳನ್ನು ಬರೆಯುತ್ತಾರೆ, ಮಂಗಳನಿಗೆ ಕೆಂಪು ಹಚ್ಚುತ್ತಾರೆ. ಮಾತು ಕಡಿಮೆ, ಕೈಕೆಲಸ ಅಚ್ಚುಕಟ್ಟು. ಅವರಿಗೆ ಶುಕ್ರನ ಮೇಲೆ ಒಂದು ಗುಲಗಂಜಿ ಪ್ರೀತಿ ಹೆಚ್ಚು. ಈ ಪ್ರೀತಿಯಿಂದಲೇ ಎಡವಟ್ಟಾದದ್ದು.

ಆರು ವಾರದ ಹಿಂದೆ ಅಂಧ ಮಕ್ಕಳ ಶಾಲೆಯ ಮೇಷ್ಟ್ರು ಮೊದಲ ಸಲ ಇಲ್ಲಿಗೆ ಬಂದರು. ಅವರಿಗೂ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಭೂಗೋಳ ಕಲಿಸುತ್ತಿದ್ದಾರೆ. ಬಣ್ಣ ಹಚ್ಚಿ ಸಿದ್ಧವಾಗಿದ್ದ ಒಂದು ಪೆಟ್ಟಿಗೆಯನ್ನು ಗುಂಡಕ್ಕ ಅವರ ಮುಂದಿಟ್ಟರು. ಮೇಷ್ಟ್ರು ಬುಧನನ್ನು ಮುಟ್ಟಿ ತಲೆ ಆಡಿಸಿದರು, ಮಂಗಳನನ್ನು ಮುಟ್ಟಿ ತಲೆ ಆಡಿಸಿದರು. ಆಮೇಲೆ ಎರಡು ಕೈಗೆ ಎರಡು ದೊಡ್ಡ ಗೋಲಗಳನ್ನು ತೆಗೆದುಕೊಂಡರು.

"ಇದರಲ್ಲಿ ಭೂಮಿ ಯಾವುದಮ್ಮಾ?"

"ದೊಡ್ಡದೇ ಭೂಮಿ, ಮೇಷ್ಟ್ರೇ."

"ಎರಡೂ ಒಂದೇ ಇದೆಯಲ್ಲ."

"ನಾನು ಮನಸ್ಸಿನಲ್ಲೇ ಪಾಪ ಅನ್ಕೊಂಡೆ. ಇವರಿಗೆ ಗೊತ್ತಾಗ್ತಿಲ್ಲ, ಪಾಪ ಅಂತ" ಎಂದು ಗುಂಡಕ್ಕ ನೆನೆಯುತ್ತಾರೆ. "ಹಂಗಂದ್ಕೊಂಡಿದ್ದಕ್ಕೆ ಈಗ್ಲೂ ಮೈಯೆಲ್ಲ ನಾಚಿಕೆಯಾಗತ್ತೆ." ಮೇಷ್ಟ್ರಿಗೆ ಮನದಟ್ಟು ಮಾಡಿಸಲೆಂದೇ ಅವರು ಗೋಡೆಯ ತಗಡು ಇಳಿಸಿದರು. ಬಣ್ಣ ಹಚ್ಚಿದ ಗೋಲವನ್ನು ಕಂಡಿಗೆ ಹಿಡಿದದ್ದು ಹತ್ತೊಂಬತ್ತು ವರ್ಷಗಳಲ್ಲಿ ಅದೇ ಮೊದಲು. ಹಿಡಿದರೆ ಬಣ್ಣ ಕೆರೆದುಹೋಗುತ್ತದೆಂದು ಬರಿ ಮರವನ್ನಷ್ಟೇ ಅಳೆದು ಒಳಗೆ ಕಳಿಸುವುದು ಅಭ್ಯಾಸ. ಶುಕ್ರ ತನ್ನ ಕಂಡಿಯಲ್ಲಿ ತೂರಲಿಲ್ಲ. ಒತ್ತಿದರೂ ತೂರಲಿಲ್ಲ.

ಒಳಗಿನ ಕೋಣೆಯಲ್ಲಿ ಆಗುತ್ತಿದ್ದುದು ಇಷ್ಟು. ಭೂಮಿಯ ಮೇಲೆ ಸಣ್ಣ ಕುಂಚದಲ್ಲಿ ಖಂಡಗಳ ಅಂಚು ಎಳೆಯಬೇಕು. ಮೈ ನುಣುಪಾಗಿರಲಿ ಎಂದು ಗಂಡ ಅದನ್ನು ಇನ್ನೊಮ್ಮೆ ಚೆನ್ನಾಗಿ ಉಜ್ಜುತ್ತಿದ್ದರು, ಬಣ್ಣವನ್ನು ತೆಳ್ಳಗೆ ಹಚ್ಚುತ್ತಿದ್ದರು. ಶುಕ್ರನಿಗಾದರೆ ಒಂದೇ ಬಣ್ಣ. ಬೋಳು ಮೈಯ ಮೇಲೆ ಸಣ್ಣ ಗೀರೂ ಎದ್ದು ಕಾಣುತ್ತದೆಂದು ಅದಕ್ಕೆ ದಪ್ಪಗೆ ಪುಟ್ಟಿ ಮೆತ್ತುತ್ತಿದ್ದರು. ಅದರ ಮೇಲೆ ಎರಡು ಕೋಟು ಬಣ್ಣ, ಹೊಳೆಯಲಿ ಎಂದು ಇನ್ನೊಂದು. ಹೀಗೆ ಭೂಮಿ ಸವೆಯಿತು, ಶುಕ್ರ ಕೊಬ್ಬಿದ. ಇಬ್ಬರ ನಡುವೆ ಇರಬೇಕಾದ ಮೂರೂಕಾಲು ಮಿಲಿಮೀಟರು ಗಂಡ ಹೆಂಡತಿಯ ಕೋಣೆಗಳ ನಡುವೆ ಎಲ್ಲೋ ಕಳೆದುಹೋಯಿತು. ಕಣ್ಣಿರುವ ಸಾವಿರಾರು ಮಕ್ಕಳು, ನೂರಾರು ಟೀಚರುಗಳು ಬಣ್ಣ ನೋಡಿ ಭೂಮಿ ಎಂದರು, ಬಣ್ಣ ನೋಡಿ ಶುಕ್ರ ಎಂದರು. ಗಾತ್ರವನ್ನು ಪುಸ್ತಕದಲ್ಲಿ ಓದಿಕೊಂಡರು. ಒಬ್ಬರೂ ತಕರಾರು ತೆಗೆಯಲಿಲ್ಲ.

ಅವತ್ತು ಮೇಷ್ಟ್ರ ಮುಂದೆ ಗುಂಡಕ್ಕ ತಲೆ ತಗ್ಗಿಸಿ ನಿಂತರಂತೆ. ಮೇಷ್ಟ್ರೇ ಸಮಾಧಾನ ಹೇಳಿ, ಆರು ವಾರ ಬಿಟ್ಟು ಬರುತ್ತೇನೆ, ಆಗಲೂ ಹೀಗೇ ಇದ್ದರೆ ಪ್ಲಾಸ್ಟಿಕ್ಕಿನವರಿಗೆ ಹೂಂ ಅನ್ನಬೇಕಾಗುತ್ತದೆ ಎಂದು ಹೋದರು. ಗಂಡನ ಮುಖ ವಾರವಿಡೀ ಸಪ್ಪಗಿತ್ತು. ಜಗಳವೇನೂ ಆಗಲಿಲ್ಲ, ಜಗಳಕ್ಕಿಂತ ಕೆಟ್ಟದ್ದು ಆಯಿತು. ಇಬ್ಬರೂ ನಾಲ್ಕು ದಿನ ತುಟಿ ಪಿಟಕ್ಕೆನ್ನಲಿಲ್ಲ. ಐದನೆಯ ದಿನ ಗಂಡ ಚಹಾ ಲೋಟ ಕೆಳಗಿಟ್ಟು, "ಈ ಪೆಟ್ಟಿಗೆಗೆ ಬಣ್ಣ ಬೇಡ ಬಿಡೇ. ಎಣ್ಣೆ ಒರೆಸಿದ್ರೆ ಸಾಕು. ಹೆಸರಿಗೆ ಚುಕ್ಕೆ ಬೇಕಲ್ಲ, ಅದನ್ನ ನಾನು ಮಾಡ್ತೀನಿ" ಎಂದರು. ಅಂದಿನಿಂದ ಅವರು ಹಿತ್ತಾಳೆಯ ಗುಂಡುತಲೆಯ ಸಣ್ಣ ಮೊಳೆ ಬಡಿದು, ಬೆರಳಿನಿಂದ ಓದುವ ಚುಕ್ಕೆ ಅಕ್ಷರ ಬರೆಯುವುದನ್ನು ಕಲಿಯುತ್ತಿದ್ದಾರೆ. ಅರವತ್ತೊಂದನೆಯ ವಯಸ್ಸಿನಲ್ಲಿ ಹೊಸ ಅಕ್ಷರಮಾಲೆ.

ಹಳೆಯ ಪೆಟ್ಟಿಗೆಗಳ ಗತಿ? ಆರ್ಡರಿನ ಪುಸ್ತಕಗಳಲ್ಲಿ ಆರುನೂರು ಶಾಲೆಗಳ ವಿಳಾಸ ಸಿಕ್ಕಿದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಡ್ಯೂಟಿ ಮುಗಿಸಿ ಬಂದು ದಿನಕ್ಕೆ ಹತ್ತರಂತೆ ಕಾಗದ ಬರೆಯುತ್ತಾಳೆ. ದಯವಿಟ್ಟು ನಿಮ್ಮ ಶುಕ್ರನನ್ನು ವಾಪಸು ಕಳಿಸಿ, ಸರಿಮಾಡಿ ಕಳಿಸುತ್ತೇವೆ, ಭೂಮಿಯನ್ನೂ ಬದಲಾಯಿಸಿ ಕೊಡುತ್ತೇವೆ ಎಂಬ ಒಕ್ಕಣೆ. ಈವರೆಗೆ ಬಂದದ್ದು ಮೂವತ್ತೊಂದು ಶುಕ್ರ. ಒಂದು ಶಾಲೆಯವರು, ನಮ್ಮ ಗ್ರಹಗಳು ಆರೋಗ್ಯವಾಗಿವೆ, ವಿಚಾರಿಸಿದ್ದಕ್ಕೆ ಧನ್ಯವಾದ ಎಂದು ಉತ್ತರ ಬರೆದಿದ್ದಾರೆ. ಮಗಳು ಬಿದ್ದು ಬಿದ್ದು ನಕ್ಕಳು. ಗುಂಡಕ್ಕನಿಗೆ ನಗು ಬರಲಿಲ್ಲ.

ಹತ್ತು ಗಂಟೆಗೆ ಸರಿಯಾಗಿ ಮೇಷ್ಟ್ರ ಕೋಲಿನ ಸದ್ದು ಕೇಳಿಸುತ್ತದೆ. ಅಂಗಿಯ ತೋಳು ಮಡಚಿಕೊಂಡು ಸ್ಟೂಲಿನ ಮೇಲೆ ಕೂರುತ್ತಾರೆ. ಆಗಷ್ಟೇ ಡ್ಯೂಟಿಯಿಂದ ಬಂದ ಮಗಳು ಬಟ್ಟೆಯನ್ನೂ ಬದಲಿಸದೆ ಬಾಗಿಲಿಗೆ ಒರಗಿ ನಿಂತಿದ್ದಾಳೆ. ಚುಕ್ಕೆ ಇನ್ನೂ ಬಡಿದಿಲ್ಲ, ಬಡಿದಿದ್ದರೆ ಮೇಷ್ಟ್ರು ಹೆಸರನ್ನೇ ಓದಿಬಿಡುತ್ತಾರೆ. ಬುಧ, ಮಂಗಳರನ್ನು ಮೊದಲು ಮುಗಿಸುತ್ತಾರೆ. "ಇವರಿಬ್ಬರದು ತಕರಾರಿಲ್ಲ" ಎಂದು ಪಕ್ಕಕ್ಕಿಡುತ್ತಾರೆ. ಆಮೇಲೆ ಗಂಡ ಎಲ್ಲ ಬೆರೆತಿರುವ ಬುಟ್ಟಿಯಿಂದ ಒಂದು ಭೂಮಿ, ಒಂದು ಶುಕ್ರ ಎತ್ತಿ ಜೋಡಿ ಜೋಡಿಯಾಗಿ ಕೊಡಬೇಕು. ಐದು ಜೋಡಿ.

ಮೇಷ್ಟ್ರು ತೂಕ ನೋಡುವುದಿಲ್ಲ. ಮರದಿಂದ ಮರಕ್ಕೆ ತೂಕ ಬದಲಾಗುತ್ತದೆ, ಅದನ್ನು ನಂಬಬಾರದು ಎನ್ನುತ್ತಾರೆ. ಹೆಬ್ಬೆರಳೂ ನಡುಬೆರಳೂ ಗೋಲದ ಸುತ್ತ ಎಷ್ಟು ಅಗಲಿಸಿ ನಿಲ್ಲುತ್ತವೆ ಎಂಬುದಷ್ಟೇ ಅವರ ಅಳತೆ. "ಎಡಗೈಯದು ಭೂಮಿ." ಗುಂಡಕ್ಕ ತಗಡಿಗೆ ಹಿಡಿದು ನೋಡುತ್ತಾರೆ, ಸರಿ. "ಎಡಗೈಯದೇ." ಸರಿ. "ಬಲಗೈ." ಸರಿ. ನಾಲ್ಕನೆಯದಕ್ಕೆ ಅವರು ಯೋಚನೆಯನ್ನೇ ಮಾಡುವುದಿಲ್ಲ. ಗುಂಡಕ್ಕನ ಹೆಗಲು ಸ್ವಲ್ಪ ಸಡಿಲವಾಗುತ್ತದೆ.

ಐದನೆಯ ಜೋಡಿ. ಮೇಷ್ಟ್ರ ಬೆರಳು ನಿಲ್ಲುತ್ತದೆ. ಕೈ ಬದಲಿಸುತ್ತಾರೆ, ಮತ್ತೆ ಬದಲಿಸುತ್ತಾರೆ.

"ಎರಡೂ ಒಂದೇ ಇದೆಯಮ್ಮಾ."

ಗುಂಡಕ್ಕ ಮೇಷ್ಟ್ರ ಕೈಯಿಂದ ಎರಡನ್ನೂ ಇಸಿದುಕೊಂಡು ತಗಡಿನ ಹತ್ತಿರ ಹೋಗುತ್ತಾರೆ. ಒಂದನ್ನು ಶುಕ್ರನ ಕಂಡಿಗೆ ಹಿಡಿಯುತ್ತಾರೆ, ತೂರುವುದಿಲ್ಲ. ಇನ್ನೊಂದನ್ನು ಹಿಡಿಯುತ್ತಾರೆ, ಅದೂ ತೂರುವುದಿಲ್ಲ. ಆಮೇಲೆ ಎರಡನ್ನೂ ಭೂಮಿಯ ಕಂಡಿಗೆ ಹಿಡಿಯುತ್ತಾರೆ. ಮೊದಲನೆಯದು ಅಂಚು ಸವರಿಕೊಂಡು ತೂರುತ್ತದೆ. ಎರಡನೆಯದೂ ಅಷ್ಟೇ ಬಿಗಿಯಾಗಿ ಸವರಿಕೊಂಡು ತೂರುತ್ತದೆ.

"ಏನ್ರೀ ಇದು, ಎರಡು ಭೂಮಿ ಕೊಟ್ಟಿದೀರಲ್ರೀ!"

ಗಂಡ ಬುಟ್ಟಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡುತ್ತಾರೆ. "ಬಣ್ಣ ಇಲ್ಲ ಅಂದ್ಮೇಲೆ ಯಾವುದು ಯಾವುದು ಅಂತ ನನಗೆ ಹೆಂಗೆ ಗೊತ್ತಾಗ್ಬೇಕೇ? ಹತ್ತೊಂಬತ್ತು ವರ್ಷದಿಂದ ನೀಲಿ ನೋಡಿ ಭೂಮಿ ಅಂದಿರೋನು ನಾನು."

ಮೊದಲು ನಕ್ಕವರು ಮೇಷ್ಟ್ರು. ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಕಣ್ಣಿರೋರು ಮೂರು ಜನ ಇದೀರಿ, ಒಬ್ಬರಿಗೂ ಕಾಣಲಿಲ್ವಾ?" ಎನ್ನುತ್ತಾರೆ. ಆಮೇಲೆ ಅದೇ ಎರಡು ಭೂಮಿಗಳನ್ನು ಮತ್ತೆ ಕೈಗೆ ತೆಗೆದುಕೊಂಡು ನಿಧಾನವಾಗಿ ಸವರುತ್ತಾರೆ. "ಬೇರೆ ಬೇರೆ ದಿನ ಮಾಡಿದ್ದು ಅಲ್ವಾ ಇವು? ಎರಡಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲವಲ್ಲಮ್ಮಾ. ಕಳಿಸಿಕೊಡಿ. ನಲವತ್ತೆರಡನ್ನೂ ಕಳಿಸಿಕೊಡಿ." ಗುಂಡಕ್ಕ ಸೆರಗಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಾರೆ. ಹೊಟ್ಟು ಕಣ್ಣಿಗೆ ಬಿತ್ತು ಎನ್ನುತ್ತಾರೆ, ಲೇತ್ ನಿಂತು ಐದು ಗಂಟೆಯೇ ಕಳೆದಿದೆ.

ಮೇಷ್ಟ್ರನ್ನು ಬಸ್ಸು ಹತ್ತಿಸಲು ಗಂಡ ಹೊರಡುತ್ತಾರೆ. ಆಕಳಿಸುತ್ತಾ ಒಳಗೆ ಮಲಗಲು ಹೊರಟ ಮಗಳನ್ನು ಗುಂಡಕ್ಕ ತೋಳು ಹಿಡಿದು ನಿಲ್ಲಿಸುತ್ತಾರೆ.

"ಕಣ್ಣು ಮುಚ್ಚು."

"ಯಾಕಮ್ಮ?"

"ಮುಚ್ಚು ಅಂದ್ನಲ್ಲ." ಬುಟ್ಟಿಯಿಂದ ಎರಡು ಗೋಲ ಆರಿಸಿ ಅವಳ ಎರಡು ಕೈಗೆ ಇಡುತ್ತಾರೆ. "ಯಾವುದು ದೊಡ್ಡದು?"

"ಇದು. ಎಡಗೈಯದು."

"ನಾಲ್ಕನೇ ಕ್ಲಾಸಲ್ಲಿ ನೀನು ಪರೀಕ್ಷೇಲಿ ಭೂಮಿ, ಶುಕ್ರ ಎರಡೂ ಒಂದೇ ಗಾತ್ರ ಅಂತ ಬರೆದು ಬಂದಿದ್ದೆ. ಪೇಪರಿನ ತುಂಬಾ ಕೆಂಪು ಶಾಯಿ. ಮನೇಲಿ ಮುಟ್ಟಿ ನೋಡಿದೀನಮ್ಮ, ಒಂದೇ ಇದೆ ಅಂತ ಅತ್ತೆ. ಗ್ರಹ ಮಾಡೋಳ ಮಗಳು ಹಿಂಗೆ ಬರೆಯೋದಾ ಅಂತ ನಾನು ಬಾರಿಸಿದೆ."

"ನನಗೆ ನೆನಪೇ ಇಲ್ಲಮ್ಮ."

"ನನಗೂ ಇರ್ಲಿಲ್ಲ. ಅವತ್ತು ಮೇಷ್ಟ್ರು ಎರಡೂ ಒಂದೇ ಅಂದ್ರಲ್ಲ, ಆಗ ಬಂತು. ನೀನು ಸರಿಯಾಗೇ ಮುಟ್ಟಿ ನೋಡಿದ್ದೆ ಕಣೇ. ತಪ್ಪಿದ್ದು ನಂದು."

ಮಗಳು ಕಣ್ಣು ತೆರೆಯುವುದಿಲ್ಲ. ಗೋಲಗಳನ್ನು ಕೈಯಿಂದ ಕೈಗೆ ಬದಲಿಸಿ ಬೆರಳು ಸುತ್ತಿಸಿ ಮತ್ತೆ ಮತ್ತೆ ನೋಡುತ್ತಾಳೆ. ಇಪ್ಪತ್ತೆಂಟು ವರ್ಷದವಳ ತುಟಿ ಒಂಬತ್ತು ವರ್ಷದವಳ ಹಾಗೆ ಅದುರುತ್ತದೆ. ಗುಂಡಕ್ಕ ಅವಳ ಹೆಗಲ ಮೇಲೆ ಕೈಯಿಡುತ್ತಾರೆ.

"ಇನ್ಮೇಲೆ ಯಾವ ಮಗು ಮುಟ್ಟಿ ನೋಡಿ ಬರೆದ್ರೂ ಪೂರ್ತಿ ಮಾರ್ಕು ಬರತ್ತೆ" ಎನ್ನುತ್ತಾರೆ.